ಹೊತ್ತು ತಪ್ಪಿದ ಕಾಲುವೆ

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಗಳಗೇಶ್ವರನ ಗುಡಿಯ ಬಳಿ ನಿಂತು ಸಂಗಮ ನೋಡುವವರು ಪುಣ್ಯದ ಮಾತಾಡುತ್ತಾರೆ. ಇದೇ ಹೊಳೆಯ ನೀರನ್ನು ನಂಬಿ ಇಂಗ್ಲೆಂಡಿನ ಹಣವಂತರು ಕೈ ಸುಟ್ಟುಕೊಂಡ ಕಥೆ ಯಾರಿಗೂ ನೆನಪಾಗುವುದಿಲ್ಲ.

ಗೋದಾವರಿಗೆ ಅಣೆ ಕಟ್ಟಿಸಿದ ಆರ್ಥರ್ ಕಾಟನ್ನನ ಆಲೋಚನೆಯಂತೆ 1858ರಲ್ಲಿ ಮದ್ರಾಸ್ ಇರಿಗೇಶನ್ ಎಂಡ್ ಕೆನಾಲ್ ಕಂಪನಿ ಹುಟ್ಟಿತು. ಹತ್ತು ಲಕ್ಷ ಪೌಂಡಿನ ಬಂಡವಾಳ. ಅದಕ್ಕೆ ನೂರಕ್ಕೆ ಐದರ ಬಡ್ಡಿಯ ಹೊಣೆ ಸರಕಾರದ್ದು. ಇಲ್ಲಿಂದ ಬಹುದೂರ ಕೆಳಗೆ, ಕರ್ನೂಲಿನ ಹತ್ತಿರದ ಸುಂಕೇಸುಲದಿಂದ ಕಡಪೆಯವರೆಗೆ ಸುಮಾರು 190 ಮೈಲಿನ ಕಾಲುವೆ. ಅದರಲ್ಲಿ ನೀರೂ ಹರಿಯಬೇಕು, ದೋಣಿಯೂ ಸಾಗಬೇಕು.

ಗುದ್ದಲಿ ಬಿದ್ದ ಕಾಲವೇ ವಿಚಿತ್ರವಾದುದು. 1861ರಲ್ಲಿ ಅಮೇರಿಕದ ಅಂತರ್ಯುದ್ಧ ಮೊದಲಾಯಿತು. ಅಲ್ಲಿಯ ಅರಳೆ ಬಾರದೆ ಇಂಗ್ಲೆಂಡಿನ ಗಿರಣಿಗಳು ಕಂಗೆಟ್ಟವು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಚಿನ್ನದ ಬೆಲೆ ಬಂತು. ದವಸದ ಧಾರಣೆ, ಕೂಲಿ ಎಲ್ಲವೂ ಏರಿದವು. ಕಂಪನಿಯ ಹಣ ಕರಗಿ, 1866ರಲ್ಲಿ ಸರಕಾರವೇ ಆರು ಲಕ್ಷ ಪೌಂಡು ಸಾಲ ಕೊಡಬೇಕಾಯಿತು. ಇನ್ನು ದೋಣಿಯ ಮಾತು. 1871ರಲ್ಲಿ ಮದ್ರಾಸಿನ ರೈಲೂ ಮುಂಬಯಿಯ ರೈಲೂ ರಾಯಚೂರಿನಲ್ಲಿ ಕೂಡಿಕೊಂಡವು. ಉಗಿಬಂಡಿ ಬಂದ ಮೇಲೆ ದೋಣಿಗೆ ಕಾಯುವವರಾರು?

ರೈತರು ನೀರನ್ನಾದರೂ ಕೊಂಡರೆ? ಅದೂ ಇಲ್ಲ. ಅವರದು ಹಟವೆಂದು ಜರೆಯುವುದು ಸುಲಭ. ಆದರೆ ಎರೆಹೊಲದ ಒಕ್ಕಲುತನ ಬಲ್ಲವರು ಹಾಗೆನ್ನಲಾರರು. ಒಂದು ಹದವಾದ ಮಳೆ ಬಿದ್ದರೆ ಎರೆಮಣ್ಣು ತೇವ ಹಿಡಿದು ಹತ್ತಿಯನ್ನೂ ಜೋಳವನ್ನೂ ಸಾಕುತ್ತದೆ. ಹಾಗಿರುವಾಗ ನೀರಿಗೆ ದುಡ್ಡು ಕೊಟ್ಟು ಹೊಲ ಜವುಳು ಮಾಡಿಕೊಳ್ಳುವವರು ಯಾರು? ಮುಂದೆ 1876–78ರ ಬರ ಬಂತು. ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ನೆನೆಯುತ್ತಿದ್ದುದು ಇದನ್ನೇ. ಬೇಡವೆಂದ ನೀರಿಗೆ ಆಗ ಎಲ್ಲರೂ ಕೈಯೊಡ್ಡಿದರು. ಮಳೆ ಮರಳಿತು, ಅವರೂ ಮರಳಿ ಮಳೆಯನ್ನೇ ನಂಬಿದರು. 1882ರಲ್ಲಿ ಸರಕಾರ ಕಾಲುವೆಯನ್ನು ಕೊಂಡುಕೊಂಡಿತು.

ಕಂಪನಿಯ ಪಾಲುದಾರರಿಗಾಗಿ ನಾನು ಮರುಗುವುದಿಲ್ಲ. ಬಡ್ಡಿಯಂತೂ ಅವರಿಗೆ ತಪ್ಪಲಿಲ್ಲ. ಮನಸ್ಸನ್ನು ಕಲಕುವುದು ಬೇರೊಂದು ಸಂಗತಿ. ಇದೇ ಹೊಳೆಯನ್ನು ಹೊಸಪೇಟೆಯ ಕಡೆ ತಡೆದು ನೀರು ಕೂಡಿಡುವ ಯೋಚನೆಯೂ 1860ರಲ್ಲಿ ಕಾಟನ್ನನಿಗೆ ಹೊಳೆದಿತ್ತು. ಆ ಬರದಲ್ಲಿ ಬಳ್ಳಾರಿಯ ಸೀಮೆ ಹಾಳು ಸುರಿಯಿತು. ದಕ್ಷಿಣದಲ್ಲೆಲ್ಲ ಲಕ್ಷಾಂತರ ಜನ ಅಳಿದರು. ಅಣೆಕಟ್ಟಿಗೆ ಕಲ್ಲು ಬಿದ್ದುದು 1945ರಲ್ಲಿ, ನೀರು ಹರಿದುದು 1953ರಲ್ಲಿ. ಅಂದು ಸೋತ ಕರ್ನೂಲು–ಕಡಪೆಯ ಕಾಲುವೆಗೂ ಈಗ ಆ ಅಣೆಕಟ್ಟಿನ ನೀರಿನಲ್ಲಿ ಒಂದು ಪಾಲುಂಟು.