ಕನ್ನ

ಪತ್ರಿಕೆಗಳ ತಲೆಬರಹ ಇಲ್ಲದಿದ್ದರೆ ಕನ್ನ ಎಂಬ ಮಾತು ಎಂದೋ ಹೋಗಿಬಿಡುತ್ತಿತ್ತು. ಬೊಕ್ಕಸಕ್ಕೆ ಕನ್ನ, ಎಟಿಎಂಗೆ ಕನ್ನ, ಈಗೀಗ ದಿನಬೆಳಗಾದರೆ ಖಾತೆಗೆ ಕನ್ನ.

ಬಾಸೆಲ್ ಮಿಷನ್ನಿನವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನಲ್ಲಿ ಕನ್ನವೆಂದರೆ ಕಳ್ಳ ಮನೆಯ ಗೋಡೆಗೆ ಕೊರೆದ ಕಂಡಿ. ಅದು ಎಷ್ಟು ಬೆವರಿನ ಕೆಲಸವೆಂಬುದು ಶಿರಹಟ್ಟಿ, ಮುಂಡರಗಿ ಕಡೆಯ ಹಳೆಯ ಮಣ್ಣಿನ ಮನೆ ಕಂಡವರಿಗೆ ಗೊತ್ತು. ಬಾಗಿಲಿಗೆ ಅಗಳಿ, ಕಟ್ಟೆಯ ಮೇಲೆ ಮಲಗಿದ ಮುದುಕ, ಅಂಗಳದಲ್ಲಿ ನಾಯಿ. ಕಳ್ಳನಾದವನು ಹಿತ್ತಲ ಕಡೆ ಸುತ್ತಿ ಬಂದು, ದಪ್ಪ ಗೋಡೆಯನ್ನು ಸಪ್ಪಳಾಗದಂತೆ ಕೆದರಿ, ಬೆಳಕು ಹರಿಯುವುದರೊಳಗೆ ಮೈ ತೂರುವಷ್ಟು ಕಂಡಿ ಮಾಡಬೇಕು. ಹನ್ನೆರಡನೇ ಶತಮಾನದ ಶರಣರ ಪೈಕಿ ಕನ್ನದ ಮಾರಿತಂದೆ ಇದ್ದಾನಲ್ಲ, ಕಳ್ಳತನ ಬಿಟ್ಟರೂ ಕಸುಬಿನ ಹೆಸರು ಅವನನ್ನು ಬಿಡಲಿಲ್ಲ.

ಮನೆಮಾತಿನಲ್ಲಿ ಈಗ ಕನ್ನವಿಲ್ಲ, ‘ಹ್ಯಾಕ್ ಆಗೇತಿ’ ಅನ್ನುತ್ತೇವೆ. ಮಾಡಿದವನೇ ಇಲ್ಲದ ಮಾತು ಇದು. ಜ್ವರ ಬಂದ ಹಾಗೆ ತಾನೇ ಆಗಿಬಿಡುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ಶೀರ್ಷಿಕೆಯಲ್ಲಿ ಹ್ಯಾಕಿಂಗ್ ಇತ್ತು; 2008ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ನಮ್ಮ ಪಡಸಾಲೆಗಳಿಗೆ ಆ ತಿದ್ದುಪಡಿ ಇನ್ನೂ ಮುಟ್ಟಿಲ್ಲ.

ಲಕ್ಷ್ಮೇಶ್ವರದ ನೆಂಟರೊಬ್ಬರ ಮನೆಯಲ್ಲಿ ಅತ್ತೆಯ ವಾಟ್ಸ್‌ಆ್ಯಪ್ ಒಮ್ಮೆಲೇ ಬಂದ್ ಆಯಿತು. ಹಿಂದೆಯೇ ಮುಂಡರಗಿಯ ತಮ್ಮನ ಫೋನು: ‘ಅಕ್ಕಾ, ಅರ್ಜೆಂಟ್ ರೊಕ್ಕ ಹಾಕು ಅಂತ ಮೆಸೇಜ್ ಕಳಿಸೀಯಲ್ಲ, ಯಾರಿಗರೆ ಆರಾಮಿಲ್ಲೇನು?’ ಮನೆ ಅಲ್ಲೋಲಕಲ್ಲೋಲ. ಮಗ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಓಡಿದ. ರೊಕ್ಕ ಇದ್ದಲ್ಲೇ ಇತ್ತು. ಬಂದವನೇ ಕೇಳಿದ್ದು ಕಳ್ಳನ ವಿಚಾರವಲ್ಲ. ‘ಯವ್ವಾ, ಯಾರಿಗರೆ ಓಟಿಪಿ ಹೇಳಿಯೇನು?’ ‘ಇಲ್ಲಪಾ, ನಾ ಯಾಕ ಹೇಳ್ಲಿ?’

ಹೇಳಿದ್ದರು. ಬಳಗದವರ ನಂಬರಿನಿಂದಲೇ ‘ತಪ್ಪಿ ನಿಮಗ ಆರಂಕಿ ಬಂದೈತಿ, ಕಳಸ್ರಿ’ ಎಂದು ಬಂದಿತ್ತು. ಅವರ ಲೆಕ್ಕದಲ್ಲಿ ಅದು ಓಟಿಪಿ ಅಲ್ಲ, ನೆಂಟರು ಕೇಳಿದ ನಂಬರು. ಬಾಯಿಬಿಟ್ಟದ್ದು ಮಾತ್ರ ಸಂಜೆಗೆ. ಅಲ್ಲಿಯವರೆಗೆ ಕಳ್ಳ ಅವರ ಹೆಸರಿನಲ್ಲಿ ಬಳಗವನ್ನೆಲ್ಲ ಬೇಡುತ್ತಿದ್ದ. ಅದೇ ಸಿಮ್ಮಿನಲ್ಲಿ ಮತ್ತೆ ನೋಂದಣಿ ಮಾಡಿ, ಹೊಸ ಆರಂಕಿ ಹಾಕಿದ ಕೂಡಲೇ ಅವನು ಹೊರಗೆ ಬಿದ್ದ. ಅವನು ಎರಡನೇ ಹಂತದ ಪಿನ್ ಇಟ್ಟಿದ್ದರೆ ಅತ್ತೆ ಏಳು ದಿನ ಕಾಯಬೇಕಾಗುತ್ತಿತ್ತು, ಆದರೆ ಅವನಂತೂ ಹೊರಗೇ.

ಇದು ಕನ್ನವೇ? ಗೋಡೆ ಯಾರೂ ಕೊರೆಯಲಿಲ್ಲ, ಅಗಳಿ ಒಳಗಿನಿಂದ ತೆರೆಯಿತು. ನಿಘಂಟು ಹಿಡಿದು ಕೂತವರು ಒಪ್ಪಲಿಕ್ಕಿಲ್ಲ. ಆದರೂ ನನ್ನ ಮತ ತಲೆಬರಹದವರ ಕಡೆಗೆ. ಕನ್ನ ಎಂದ ಕೂಡಲೇ ಕಣ್ಣು ಕಳ್ಳನ ಕಡೆ ಹೊರಳುತ್ತದೆ; ಕನ್ನ ಬಿದ್ದ ಮನೆಯವರನ್ನು ‘ಗ್ವಾಡಿ ಯಾಕ ತೆಳ್ಳಗ ಕಟ್ಟಿಸಿದ್ರಿ’ ಎಂದು ಯಾರೂ ಕೇಳುವುದಿಲ್ಲ. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ನಂಬಿದವರಿಗೆ ಯಾವ ಕಲಮೂ ಇಲ್ಲ, ಮನೆಯವರ ಬೈಗುಳವೊಂದೇ.

ಆ ಬೈಗುಳದ ಅಂಜಿಕೆಗೇ ಹೊತ್ತು ಹೋಗುತ್ತದೆ. ಬ್ಯಾಂಕ್ ಖಾತೆಯ ಮಟ್ಟಿಗಂತೂ ಹೊತ್ತೆಂದರೆ ರೊಕ್ಕ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗುಟ್ಟಿನ ಸಂಖ್ಯೆ ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ರೊಕ್ಕ ಹೋದ ಗುಮಾನಿ ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಫೋನು ಮಾಡಿ. ಅವ್ವನನ್ನು ಬೈಯಲೇಬೇಕೆಂದಿದ್ದರೆ ನಾಳೆ ಬೈಯಿರಿ.