ತಾಮ್ರದ ಬಿಲ್ಲೆ

ನಮ್ಮನೇಲಿ ಆಯುಧಪೂಜೆ ದಿನ ಕುಡುಗೋಲು, ಮಚ್ಚು, ಗುದ್ದಲಿ, ಅಪ್ಪನ ಗಾಡಿ, ನಾನು ಊರಿಗೆ ಹೋಗಿದ್ದರೆ ನನ್ನ ಆಫೀಸ್ ಲ್ಯಾಪ್‌ಟಾಪು, ಇಷ್ಟರ ಜೊತೆಗೆ ಒಂದು ಬಿಲ್ಲೆಗೂ ಅರಿಶಿನ ಕುಂಕುಮ ಬೀಳುತ್ತೆ. ಹಳೇ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಏರಿದ ಗಂಡಸು. ಹಬ್ಬದ ಹಿಂದಿನ ದಿನ ಅಜ್ಜಿ ಅದನ್ನ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಕೆಂಪಗೆ ಮಾಡಿ ಇಡುತ್ತೆ.

ಚಿಕ್ಕವನಿದ್ದಾಗ ಕೇಳಿದ್ದೆ, ಕುದುರೆ ಮೇಲೆ ಯಾರು ಅಂತ.

"ನಿಮ್ಮ ಮುತ್ತಾತ ಕಣ್ಲಾ. ನಮ್ಮ ಮಾವ. ಮಾರಾಜ್ರ ದಂಡಲ್ಲಿ ಮರಳು ದೇಶಕ್ಕೆ ಹೋಗಿದ್ರು."

"ಮೈಮೇಲೆ ಬಟ್ಟೇನೇ ಇಲ್ವಲ್ಲಜ್ಜಿ?"

"ಯುದ್ಧದಾಗೆ ಬಟ್ಟೆ ಯಾರು ನೋಡ್ತಾರೆ, ಸುಮ್ಕಿರು."

ಇಷ್ಟೇ ನಮ್ಮ ಮನೆತನದ ಮಿಲಿಟರಿ ಇತಿಹಾಸ. 2018ರವರೆಗೂ ಇಷ್ಟೇ ಇತ್ತು. ಆ ವರ್ಷ ಜನವರಿಯಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಅಲ್ಲಿರೋ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳದ್ದು. ನಮ್ಮ ದೊಡ್ಡಪ್ಪನ ಫೋನಿಗೆ ಫಾರ್ವರ್ಡುಗಳು ಬಂದವು. ಅವತ್ತಿನಿಂದ ಅಜ್ಜಿಯ "ಮರಳು ದೇಶ" ಹೋಗಿ "ಹೈಫಾ" ಬಂತು. ಮುತ್ತಾತ ಈಟಿ ಹಿಡಿದು ತೋಪಿನ ಬಾಯಿಗೇ ಕುದುರೆ ನುಗ್ಗಿಸಿದ ವೀರ ಆದರು. ಹೈಫಾ ಅನ್ನೋ ಪದ ನಮ್ಮ ಮನೆಗೆ ಬಂದದ್ದು ಮುತ್ತಾತನ ಜೊತೆ ಹಡಗಿನಲ್ಲಲ್ಲ, ವಾಟ್ಸ್ಯಾಪಿನಲ್ಲಿ. ಆದರೆ ಎರಡು ವರ್ಷ ಕಳೆಯೋಷ್ಟರಲ್ಲಿ ಮನೆಯವರೆಲ್ಲರೂ ಅದನ್ನ ಮೊದಲಿಂದಲೂ ಕೇಳಿದ್ದೆವು ಅಂತಲೇ ನಂಬಿದ್ದೆವು. ನಾನೂ ಸೇರಿ.

ಹೋದ ವರ್ಷ ದೊಡ್ಡಪ್ಪ ಫೋನ್ ಮಾಡಿ, "ಸೆಪ್ಟೆಂಬರ್ 23ಕ್ಕೆ ಊರಲ್ಲಿ ಒಂದು ಫ್ಲೆಕ್ಸ್ ಹಾಕಿಸ್ತೀನಿ, ನೀನು ಇಂಟರ್ನೆಟ್ಟಲ್ಲಿ ದಾಖಲೆ ತೆಗೆದುಕೊಡು ಮಗ" ಅಂದರು. ಬಿ.ಇ. ಓದಿದೋನಿಗೆ ಇದ್ಯಾವ ಮಹಾ ಕೆಲಸ ಅಂತ ಅವರ ಲೆಕ್ಕ. ನನ್ನ ಲೆಕ್ಕವೂ ಅದೇ. ಒಂದು ವೀಕೆಂಡ್ ಸಾಕು ಅಂದುಕೊಂಡೆ.

ಮೊದಲು ಹೋದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿಗೆ. ರೆಜಿಮೆಂಟಿನ ಹೆಸರು ಹಾಕಿ ಹುಡುಕಬಹುದು. ಆದರೆ ಅಲ್ಲಿರೋದು ಸತ್ತವರು ಮಾತ್ರ. ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಸತ್ತ ಸುಮಾರು 4,000 ಭಾರತೀಯರಿಗಾಗಿ ಸೂಯೆಜ್ ಕಾಲುವೆ ಬಾಯಲ್ಲಿ, ಪೋರ್ಟ್ ತೌಫೀಕಿನಲ್ಲಿ, ಒಂದು ಸ್ಮಾರಕ ಇತ್ತಂತೆ. ಅದು ಈಜಿಪ್ಟ್–ಇಸ್ರೇಲ್ ಯುದ್ಧಗಳಲ್ಲಿ ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೋಪೊಲಿಸ್‌ನಲ್ಲಿ ಬೇರೆ ಕಟ್ಟಿದರು. ಸತ್ತವರಿಗೆ ಎರಡು ಸಲ ಸ್ಮಾರಕ. ನಮ್ಮ ಮುತ್ತಾತ ಬದುಕಿ ಊರಿಗೆ ಬಂದು, ಹೊಲ ಉತ್ತು, ಮಕ್ಕಳನ್ನ ಹೆತ್ತು, ಅರವತ್ತು ದಾಟಿ ತೀರಿಕೊಂಡವರು. ಡೇಟಾಬೇಸಿನ ಪ್ರಕಾರ ಅಂಥವರು ಇಲ್ಲವೇ ಇಲ್ಲ.

ಆಮೇಲೆ ಬ್ರಿಟಿಷ್ ಲೈಬ್ರರಿ. ಅಲ್ಲಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಬಿಳಿ ಅಧಿಕಾರಿಗಳ ಸರ್ವಿಸ್ ವಿವರ ಚೆನ್ನಾಗಿ ಸಿಗುತ್ತೆ. ನಮ್ಮ ಸಾಮಾನ್ಯ ಸಿಪಾಯಿಗಳ ಕಾಗದಪತ್ರ ಅಲ್ಲಿಗೆ ಹೋಗಿಲ್ಲ. ಮೈಸೂರು ಲ್ಯಾನ್ಸರ್ಸ್ ಅಂತೂ ಬ್ರಿಟಿಷರ ಇಂಡಿಯನ್ ಆರ್ಮಿಯೇ ಅಲ್ಲ, ಅದು ಇಂಪೀರಿಯಲ್ ಸರ್ವಿಸ್ ಪಡೆ. ಪಡೆ ಕಟ್ಟಿ ಸಂಬಳ ಕೊಡೋದು ಮಹಾರಾಜರ ಸರ್ಕಾರ, ಯುದ್ಧ ಬಂದಾಗ ಕರೆಯೋದು ಚಕ್ರವರ್ತಿ. (ಯುದ್ಧದ ಖರ್ಚಿಗೆ ಅಂತ ನಾಲ್ವಡಿಯವರು 1914ರಲ್ಲಿ 50 ಲಕ್ಷ ರೂಪಾಯಿ ಬೇರೆ ಕೊಟ್ಟಿದ್ದರು.) ಪಂಜಾಬಿನವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. ಮೊದಲ ಮಹಾಯುದ್ಧಕ್ಕೆ ಹೋದ ಸುಮಾರು 3,20,000 ಜನರ ಊರುವಾರು ರಿಜಿಸ್ಟರುಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದವು, 2021ರಿಂದ ಅವನ್ನ ಡಿಜಿಟಲ್ ಮಾಡಿ ಬಿಡುತ್ತಿದ್ದಾರೆ. ಊರಿನ ಹೆಸರು ಹಾಕಿದರೆ ಅಜ್ಜನ ಹೆಸರು ಬರುತ್ತೆ. ಓದಿ ಹೊಟ್ಟೆ ಉರಿಯಿತು.

ವೀಕೆಂಡ್ ಹೋಗಿ ಮೂರು ತಿಂಗಳಾಯಿತು. ರಜೆ ಹಾಕಿ ವಿಧಾನಸೌಧದ ಪತ್ರಾಗಾರದಲ್ಲೂ ಎರಡು ದಿನ ಕೂತೆ. ನನ್ನ ಕೈಗೆ ಸಿಕ್ಕ ಕಡತಗಳಲ್ಲಿ ಮಂಜೂರಾತಿ, ಕುದುರೆ ಖರೀದಿ, ಮೇವಿನ ಲೆಕ್ಕ ಇತ್ತು. ಮುತ್ತಾತ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಹಳೇ ಪದಕಗಳನ್ನ ಸಂಗ್ರಹಿಸೋ ಹವ್ಯಾಸದವರೊಬ್ಬರು. "ಬಿಲ್ಲೆಯ ಮುಖ ಬಿಡಿ, ಅಂಚು ನೋಡಿ" ಅಂದರು. ಆ ಕಾಲದ ಪದಕಗಳಿಗೆ ಅಂಚಿನ ಸುತ್ತ ಪಡೆದವನ ನಂಬರು, ದರ್ಜೆ, ಹೆಸರು, ಪಡೆ ಎಲ್ಲಾ ಒತ್ತಿರುತ್ತಿದ್ದರಂತೆ. ಮೂವತ್ತು ವರ್ಷದಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ ಬಿಲ್ಲೆ, ಅಂಚು ಮಾತ್ರ ಯಾರೂ ನೋಡಿರಲಿಲ್ಲ.

ಊರಿಗೆ ಹೋದೆ. ಫೋನಿನ ಟಾರ್ಚನ್ನ ಓರೆಯಾಗಿ ಹಿಡಿದು, ಮ್ಯಾಕ್ರೋದಲ್ಲಿ ಬಿಲ್ಲೆ ತಿರುಗಿಸುತ್ತಾ ಹತ್ತಾರು ಫೋಟೋ ತೆಗೆದೆ. ಅಜ್ಜಿಯ ಹುಣಸೆಹಣ್ಣು ಅರ್ಧ ಅಕ್ಷರ ತಿಂದುಹಾಕಿತ್ತು. ಸಾಯಂಕಾಲದ ಹೊತ್ತಿಗೆ ನಂಬರಿನ ಎರಡಂಕಿ, ಇಂಗ್ಲಿಷ್ ಸ್ಪೆಲಿಂಗಲ್ಲಿ ಸೊಟ್ಟಗಾದ ಮುತ್ತಾತನ ಹೆಸರು, ಮೈಸೂರು ಅನ್ನೋದು, ಲ್ಯಾನ್ಸರ್ಸ್ ಅನ್ನೋದರ ಮೊಟಕು ರೂಪ ಸಿಕ್ಕವು. ಮೈಯೆಲ್ಲ ಜುಮ್ ಅಂತು. ಹೆಸರಿನ ಮುಂದೆ ಇನ್ನೂ ನಾಲ್ಕು ಅಕ್ಷರ ಇದ್ದವು: ಎಸ್, ವೈ, ಸಿ, ಇ. ಇನಿಷಿಯಲ್ ಇರಬೇಕು ಅಂದುಕೊಂಡೆ. ನಾಲ್ಕು ಇನಿಷಿಯಲ್ಲಾ? ಜೋರಾಗಿ ಓದಿದೆ. ಸೈಸ್.

ನಮ್ಮೂರು ಕುಣಿಗಲ್ ಪಕ್ಕ. ಬೆಂಗಳೂರಿಂದ ಹಾಸನದ ಕಡೆ ಹೋಗೋರಿಗೆ ಅಲ್ಲಿನ ಕುದುರೆ ಫಾರಂ ಗೊತ್ತಿರುತ್ತೆ, ಟಿಪ್ಪು ಕಾಲದಿಂದಲೂ ದಂಡಿಗೆ ಕುದುರೆ ಸಾಕಿದ ಜಾಗ. ಸೈಸ ಅಂದರೆ ಏನು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕುದುರೆಗೆ ನೀರು ಕುಡಿಸೋನು, ಮೈ ತಿಕ್ಕೋನು, ಲದ್ದಿ ಬಾಚೋನು. ಕುದುರೆ ಏರೋನಲ್ಲ.

ಆಮೇಲೆ ಪದಕದ ವಿಷಯ ಓದಿದೆ. ಬ್ರಿಟಿಷ್ ವಾರ್ ಮೆಡಲ್ ಅಂತ ಅದರ ಹೆಸರು. ಮುಖದಲ್ಲಿರೋದು ಐದನೇ ಜಾರ್ಜ್. ಹಿಂದಿರೋ ಬತ್ತಲೆ ಸವಾರ ಜರ್ಮನಿಯ ಹದ್ದಿನ ಗುರಾಣಿಯನ್ನ ತುಳಿಸುತ್ತಿರೋ ಸಾಂಕೇತಿಕ ಚಿತ್ರ, ಯಾರ ಮುತ್ತಾತನೂ ಅಲ್ಲ. ಕಾದಾಡಿದವರಿಗೆ ಕೊಟ್ಟದ್ದು ಬೆಳ್ಳಿಯದು, ಸುಮಾರು 65 ಲಕ್ಷ. ಕಂಚಿನದು ಸುಮಾರು 1,10,000 ಮಾತ್ರ. ಅವು ಚೀನಾ, ಮಾಲ್ಟಾ, ಭಾರತದ ಕೂಲಿಪಡೆಗಳಿಗೆ, ದಂಡಿನ ಜೊತೆ ಹೋದ ಆಳುಗಳಿಗೆ. ಹುಣಸೆಹಣ್ಣು ಹಚ್ಚಿದರೆ ಕೆಂಪಗಾಗೋ ಲೋಹ ಬೆಳ್ಳಿ ಹೇಗಾಗುತ್ತೆ? ಅಜ್ಜಿ ಮೊದಲಿಂದಲೂ ಅದನ್ನ "ತಾಮ್ರದ ಬಿಲ್ಲೆ" ಅಂತಲೇ ಕರೀತಿತ್ತು. ಎದುರಿಗೇ ಇದ್ದ ಬಗ್ ಅನ್ನ ಮೂರು ತಲೆಮಾರು ಫೀಚರ್ ಅಂತ ನೋಡಿದ್ದೆವು.

ಒಂದು ಮಾತು ನಿಜ: ಅದು ಬೆಳ್ಳಿಯದಾಗಿದ್ದರೆ ಯಾವುದೋ ಬರಗಾಲದಲ್ಲಿ ಕರಗಿ ಯಾರದೋ ಕಾಲುಂಗುರ ಆಗಿರೋದು. ಕಂಚಾದ್ದರಿಂದ ಉಳಿಯಿತು.

ಎರಡು ದಿನ ಬೇಜಾರಾಗಿದ್ದೆ, ಸುಳ್ಳು ಯಾಕೆ. ಆಮೇಲೆ ಲೆಕ್ಕ ಹಾಕೋಕೆ ಶುರು ಮಾಡಿದೆ, ನಮ್ಮ ಚಟವೇ ಅದು. ಯುದ್ಧಕ್ಕೆ ಅಂತ ಭಾರತದಲ್ಲಿ ಸೇರಿಸಿಕೊಂಡ ಸುಮಾರು 14 ಲಕ್ಷ ಜನರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕಾದಾಡುವವರಲ್ಲ. ಅಡುಗೆಯವರು, ಭಿಸ್ತಿಗಳು, ಜಾಡಮಾಲಿಗಳು, ಹೇಸರಗತ್ತೆ ಹೊಡೆಯೋರು, ಸೈಸರು. ರಾಧಿಕಾ ಸಿಂಘಾ ಅವರು 2020ರಲ್ಲಿ ಇವರ ಬಗ್ಗೆಯೇ ‘ದಿ ಕೂಲೀಸ್ ಗ್ರೇಟ್ ವಾರ್’ ಅಂತ ಇಡೀ ಪುಸ್ತಕ ಬರೆದಿದ್ದಾರೆ. ಸಿಪಾಯಿಗಿಂತ ಕಡಿಮೆ ಸಂಬಳ, ಆದರೆ ಅದೇ ಹಡಗು, ಅದೇ ಮರಳು, ಅದೇ ಜ್ವರ.

ಬಿಸಿಲಲ್ಲಿ ದುಡಿಯೋ ಕುದುರೆ ದಿನಕ್ಕೆ 30–40 ಲೀಟರ್ ನೀರು ಕುಡಿಯುತ್ತೆ. ಒಂದು ರೆಜಿಮೆಂಟಿಗೆ 500 ಕುದುರೆ ಅಂತ ಇಟ್ಟುಕೊಂಡರೂ ಹದಿನೇಳು ಸಾವಿರ ಲೀಟರ್. ನಮ್ಮ ಅಪಾರ್ಟ್‌ಮೆಂಟಿಗೆ ಬರೋ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಮೂರು ಟ್ಯಾಂಕರ್, ಅದೂ ಮರುಭೂಮಿಯಲ್ಲಿ. 1914ರ ಕೊನೆಗೆ ಈಜಿಪ್ಟಿಗೆ ಇಳಿದ ಮೈಸೂರು ಲ್ಯಾನ್ಸರ್ಸ್ ಸೂಯೆಜ್ ಕಾದು, ಸಿನಾಯ್ ದಾಟಿ, ಗಾಜಾ ನೋಡಿ, 1918ರ ಬೇಸಿಗೆಯಲ್ಲಿ ಜೋರ್ಡಾನ್ ಕಣಿವೆಯ ಮಲೇರಿಯಾದಲ್ಲಿ ಬೆಂದು, ಆಮೇಲೆ ಸೆಪ್ಟೆಂಬರ್ 23ರಂದು ಹೈಫಾಕ್ಕೆ ಬಂತು. ಅವತ್ತು ಕಿಶೋನ್ ನದಿಯ ಕೆಸರು ತಪ್ಪಿಸಿ ಜೋಧಪುರದವರು ಊರೊಳಕ್ಕೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳನ್ನ ಹಿಡಿದರು. 1,350 ಮಂದಿ ಸೆರೆಯಾದರು. ಫಾರ್ವರ್ಡುಗಳಲ್ಲಿ ಇರೋದು ಇಷ್ಟೇ, ಒಂದು ಮಧ್ಯಾಹ್ನದ ಕತೆ. ನಾಲ್ಕು ವರ್ಷ ಆ ಕುದುರೆಗಳ ಗೊರಸು, ಹೊಟ್ಟೆ, ಬೆನ್ನುಹುಣ್ಣು ನೋಡಿಕೊಂಡವರ ಕತೆ ಅಲ್ಲಿಲ್ಲ. ಯುದ್ಧ ಹೈಫಾದಲ್ಲಿ ಮುಗಿಯಲೂ ಇಲ್ಲ. ಅಕ್ಟೋಬರ್ 26ರಂದು ಅಲೆಪ್ಪೋ ಆಚೆ ಹರಿತಾನ್ ಅನ್ನೋ ಕಡೆ ಮೈಸೂರು, ಜೋಧಪುರದವರು ಮತ್ತೆ ನುಗ್ಗಿ ಭಾರೀ ಏಟು ತಿಂದರು. ಕದನವಿರಾಮಕ್ಕೆ ಇನ್ನು ನಾಲ್ಕೈದು ದಿನ ಇತ್ತು. ಅದಕ್ಕೆ ಯಾವ ಚೌಕವೂ ಇಲ್ಲ, ಫ್ಲೆಕ್ಸೂ ಇಲ್ಲ.

ಆ ಮಧ್ಯಾಹ್ನ ಮುತ್ತಾತ ಹೈಫಾದಲ್ಲಿದ್ದರಾ? ಬಿಲ್ಲೆ ಹೇಳಲ್ಲ. ಅದು ಹೇಳೋದು ಒಂದು ದರ್ಜೆ, ಒಂದು ಹೆಸರು, ಒಂದು ಪಡೆ.

ದೊಡ್ಡಪ್ಪನಿಗೆ ಹೇಳೋದು ಬೇಡ ಅಂತ ಒಂದು ವಾರ ಯೋಚಿಸಿದೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್‌ಗಳ ಸ್ಮಾರಕ ಇದೆ, ಅದರ ಮುಂದೆ ಒಂದು ಫೋಟೋ ತೆಗೆದು ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾನು ಅಳಿಸಿದರೆ ಆ ನಾಲ್ಕು ಅಕ್ಷರ ಓದೋರು ಇನ್ಯಾರೂ ಇಲ್ಲ, ಹುಣಸೆಹಣ್ಣು ಇನ್ನು ಹತ್ತು ಹಬ್ಬದಲ್ಲಿ ಮುಗಿಸಿಬಿಡುತ್ತೆ. ಊರಿಗೆ ಹೋಗಿ, ಫೋಟೋ ದೊಡ್ಡದು ಮಾಡಿ ತೋರಿಸಿ, ಹೇಳಿದೆ.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. "ಸೈಸ ಅಂತ ಬರೆಸೋದಾ ಫ್ಲೆಕ್ಸಲ್ಲಿ?" ಅಂದರು. ಎದ್ದು ತೋಟದ ಕಡೆ ಹೋದರು. ಆ ಸೆಪ್ಟೆಂಬರಿನಲ್ಲಿ ಫ್ಲೆಕ್ಸ್ ಬರಲಿಲ್ಲ. ನನ್ನ ಜೊತೆ ಮಾತು ಈಗಲೂ ಸ್ವಲ್ಪ ಕಡಿಮೆಯೇ.

ಅಜ್ಜಿ ಮಾತ್ರ ಅವರೆಕಾಯಿ ಸುಲೀತಾ ಕೇಳಿಸಿಕೊಂಡು, "ಅದ್ಕೇಯಾ ಮತ್ತೆ" ಅಂತು.

"ಏನಜ್ಜಿ?"

"ನಾನು ಮದುವೆಯಾಗಿ ಬಂದಾಗ ನೋಡ್ತಿದ್ನಲ್ಲ. ಎತ್ತು ಹೊಲದಿಂದ ಬಂದ ತಕ್ಷಣ ಬಾನಿಗೆ ಬಿಡ್ತಿರ್ಲಿಲ್ಲ ನಮ್ಮ ಮಾವ. ಬೆವರು ಆರಲಿ ಅನ್ನೋರು. ಒಂದೊಂದೇ ಕಾಲೆತ್ತಿ ಗೊರಸಲ್ಲಿರೋ ಕಲ್ಲು ಕೀಳೋರು. ಅವು ನೀರು ಕುಡಿಯೋಗಂಟ ಅವರೂ ಒಂದು ತೊಟ್ಟು ಕುಡೀತಿರ್ಲಿಲ್ಲ. ಊರೋರೆಲ್ಲಾ ನಗಾಡೋರು, ಎತ್ತಿಗೆ ಯಾಕಪ್ಪ ಈ ಉಪಚಾರ ಅಂತ."

ಬಿಲ್ಲೆ ಇಸ್ಕೊಂಡು ಸೆರಗಲ್ಲಿ ಒರೆಸಿ, ಡಬ್ಬಿಯೊಳಗೆ ಇಟ್ಟು, ಮತ್ತೆ ಅವರೆಕಾಯಿಗೆ ಕೂತಿತು. ಈ ಸಲದ ಹಬ್ಬಕ್ಕೆ ಅದನ್ನ ಬರೀ ನೀರಲ್ಲಿ ತೊಳೆಯೋಕೆ ಒಪ್ಪಿಸಿದ್ದೀನಿ.