ಕಟ್ಟಿ, ಕಟ್ಟಳೆ

ಬಾದಾಮಿ, ಹುನಗುಂದದ ಕಡೆ ‘ಮನೆ’ ‘ಮನಿ’ ಆದಂತೆ ‘ಕಟ್ಟೆ’ಯೂ ‘ಕಟ್ಟಿ’. ಬೇವಿನ ಮರದ ಬುಡಕ್ಕೆ ಸುತ್ತ ಕಲ್ಲು ಕೂಡಿಸಿದರೆ ಕಟ್ಟಿ. ಮನೆ ಮುಂದಿನ ಜಗಲಿಯೂ ಕಟ್ಟಿಯೇ. ‘ಕಟ್ಟಿ ಕಟ್ಟಿ ಬಂದೆ’ ಎಂದರೆ ಹೊರಗಿನವರಿಗೆ ಒಗಟು. ಧಾತು ‘ಕಟ್ಟು’. ಕಟ್ಟಡ, ಕಟ್ಟುಪಾಡು, ಕಟ್ಟಳೆ ಎಲ್ಲ ಅದರಿಂದಲೇ ಬಂದವು. ತಮಿಳಿನಲ್ಲಿ ಅಪ್ಪಣೆ ಎಂಬರ್ಥದ ‘ಕಟ್ಟಳೈ’ ಇದೆ. ಕೂತು ಮಾತಾಡುವ ಜಾಗಕ್ಕೂ ಮಾತಿನ ನೇಮಕ್ಕೂ ಬೇರು ಒಂದೇ.

ಕಟ್ಟಿಯ ಕಟ್ಟಳೆಯನ್ನು ಯಾರೂ ಬರೆದಿಟ್ಟಿಲ್ಲ. ತಡವಾಗಿ ಬಂದವನು ಮಾತು ಎಲ್ಲಿಗೆ ಬಂದಿದೆ ಎಂದು ಮೊದಲು ಕೇಳಿಸಿಕೊಳ್ಳಬೇಕು. ಹಿರಿಯರ ಮಾತು ತಪ್ಪೆನಿಸಿದರೆ ‘ಹಂಗಲ್ರೀ ಕಾಕಾ’ ಎಂದೇ ಶುರು. ಆ ‘ರೀ’ ಒಂದಿದ್ದರೆ ಎಂಥ ತಕರಾರೂ ನಡೆಯುತ್ತದೆ. ಎದ್ದು ಹೋದವನ ಬಗ್ಗೆ ಆಡಬಾರದು ಎಂಬ ನೇಮವೂ ಇದೆ, ಪಾಲಿಸುವವರು ಕಡಿಮೆ.

ಕಲ್ಲಿನಲ್ಲಿ ಕೆತ್ತಿದ ಕಟ್ಟಳೆಯ ಮಾತು ಬಂದರೆ ಹುನಗುಂದ ತಾಲ್ಲೂಕಿನ ಐಹೊಳೆಯನ್ನು ನೆನೆಯಬೇಕು. ಆ ಊರಿನ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ತನ್ನ ನಡಾವಳಿಯನ್ನು ಶಾಸನಗಳಲ್ಲಿ ‘ವೀರ ಬಣಂಜು ಧರ್ಮ’ ಎಂದು ಕರೆದುಕೊಂಡಿತು.